ಲಗ್ನದ ಸೀಜನ್ನು, ಹಿನ್ನೀರಿನ ಇಳಿತ: ಬಾಗಲಕೋಟೆಯ ಫೋಟೊಗ್ರಾಫರ್ ಒಬ್ಬರ ಪ್ರಕರಣ

ಬಾಗಲಕೋಟೆ, ಜಮಖಂಡಿ, ವಿಜಯಪುರದ ಸ್ಟುಡಿಯೋಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸ್ಥಿತಿಯೊಂದನ್ನು ಒಬ್ಬ ವ್ಯಕ್ತಿಯ ಸುತ್ತ ಕೂಡಿಸಿ ಬರೆದ ಮಾದರಿ ಪ್ರಕರಣ ಇದು. ವ್ಯಕ್ತಿಗೆ ಮೂವತ್ತರ ಆಸುಪಾಸು. ನವನಗರದಲ್ಲಿ ಸ್ವಂತ ಸ್ಟುಡಿಯೋ ಇದೆ. ಲಗ್ನ, ಕುಬಸ, ಜಾವಳ, ಪಾಸ್‌ಪೋರ್ಟ್ ಫೋಟೊಗಳಿಂದ ಮನೆ ನಡೆಯುತ್ತದೆ. ಕೈಯಲ್ಲಿರುವುದು 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಕ್ಯಾಮೆರಾ, ಒಂದು 24-70 ಜೂಮ್, ಒಂದು 50 ಎಂ.ಎಂ. ಲೆನ್ಸು, ಸಾಧಾರಣ ಟ್ರೈಪಾಡ್. ಅವರಿಗೆ ಬೇಕಾದದ್ದು ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿನ ಬಗ್ಗೆ ಗೋಡೆಯ ಮೇಲೆ ನಿಲ್ಲುವ, ಕಲೆ ಎಂದು ನೋಡಿಸಿಕೊಳ್ಳುವ ಒಂದು ಚಿತ್ರಸರಣಿ.

ಎರಡು ವರ್ಷ ದುಡಿದ ಮೇಲೆ ಹಾರ್ಡ್ ಡಿಸ್ಕಿನಲ್ಲಿ ಸಾವಿರಾರು ಫ್ರೇಮ್ ಇದ್ದವು, ಸರಣಿ ಇರಲಿಲ್ಲ. ಸ್ಪರ್ಧೆಗಳಲ್ಲಿ ಒಂದೆರಡು ಚಿತ್ರ ಆಯ್ಕೆಯಾಗಿದ್ದವು. ಗ್ಯಾಲರಿಗೆ ಕಳಿಸಿದ ಅರವತ್ತು ಚಿತ್ರಗಳ ಕಡತ ಮಾತ್ರ ಹಾಗೇ ವಾಪಸ್ ಬಂತು. ಇದಕ್ಕೆ ಅವರು ಕೊಟ್ಟುಕೊಂಡ ಕಾರಣ ಎರಡು: ಟೈಮ್ ಸಿಗಲ್ಲ, ಬೆಂಗಳೂರಿನಲ್ಲಿ ಇದ್ದಿದ್ದರೆ ಆಗುತ್ತಿತ್ತು. ಎರಡನ್ನೂ ನಾವು ಒಪ್ಪುವುದಿಲ್ಲ. ಸಮಯ ಇತ್ತು, ಅದು ಬೇಡದ ತಿಂಗಳಲ್ಲಿ ಖರ್ಚಾಗುತ್ತಿತ್ತು. ಇನ್ನು ಹಿನ್ನೀರು ಇರುವುದೇ ಬಾಗಲಕೋಟೆಯಲ್ಲಿ.

ಪಂಚಾಂಗ ಮತ್ತು ನೀರಿನ ಮಟ್ಟ

ಆಲಮಟ್ಟಿ ಜಲಾಶಯದ ಪೂರ್ಣ ಮಟ್ಟ 519.60 ಮೀಟರ್, ಸಾಮರ್ಥ್ಯ 123 ಟಿಎಂಸಿ ಅಡಿ. ಜೂನ್ ಕೊನೆಯಿಂದ ಒಳಹರಿವು ಶುರುವಾಗಿ, ಒಳ್ಳೆಯ ಮಳೆಗಾಲದಲ್ಲಿ ಜುಲೈ ಕೊನೆ ಇಲ್ಲವೇ ಆಗಸ್ಟ್ ಹೊತ್ತಿಗೆ ಕೆರೆ ತುಂಬಿ ನಿಲ್ಲುತ್ತದೆ. ಕೃಷ್ಣೆಯ ಜತೆಗೆ ಘಟಪ್ರಭೆಯ ಹಿನ್ನೀರೂ ಹಿಂದಕ್ಕೆ ಒತ್ತಿ ಹಳೆ ಬಾಗಲಕೋಟೆಯ ಅಂಚಿಗೆ ಬರುತ್ತದೆ. ಚಳಿಗಾಲ ದಾಟಿದ ಮೇಲೆ ಇಳಿಯುತ್ತಾ ಹೋಗಿ ಮೇ ಹೊತ್ತಿಗೆ ಮೈಲುಗಟ್ಟಲೆ ನೆಲ ಬಯಲಾಗುತ್ತದೆ. ಮುಳುಗಡೆಯಾದ ಊರುಗಳ ಹಳೆಯ ಬದು, ಬಾವಿಯ ಕಟ್ಟೆ, ರಸ್ತೆಯ ತುಂಡು, ಮನೆಗಳ ತಳಪಾಯದ ಗೆರೆ ಎಲ್ಲ ಕಾಣುವುದು ಆಗ.

ಲಗ್ನದ ಸೀಜನ್ ಕೂಡ ಅದೇ ವೈಶಾಖ, ಜ್ಯೇಷ್ಠ. ಚಿತ್ರಕ್ಕೆ ಬೇಕಾದ ನೆಲ ತೆರೆದುಕೊಳ್ಳುವ ವಾರಗಳೂ ವರ್ಷದ ಗಳಿಕೆಯ ವಾರಗಳೂ ಒಂದರ ಮೇಲೊಂದು ಬಿದ್ದಿವೆ. ಅವರು ಎರಡು ವರ್ಷ ಮಾಡಿದ್ದೇನೆಂದರೆ, ಮೇನಲ್ಲಿ ಲಗ್ನ, ಬಿಡುವಿದ್ದ ನವೆಂಬರ್‌ನಲ್ಲಿ ಹಿನ್ನೀರು. ನವೆಂಬರ್‌ನಲ್ಲಿ ಕೆರೆ ಇನ್ನೂ ತುಂಬಿಕೊಂಡೇ ಇರುತ್ತದೆ. ಸಿಗುವುದು ನೀರು, ಆಕಾಶ, ಒಂದು ದೋಣಿ, ಸಂಜೆಯ ಕೆಂಪು. ಅರವತ್ತು ಚಿತ್ರಗಳ ಆ ಕಡತದಲ್ಲಿ ತುಂಬಿದ್ದೂ ಅದೇ.

ಬಿಡಿಸಿಕೊಂಡದ್ದು ಹೀಗೆ. ಈ ಭಾಗದ ಲಗ್ನಗಳಲ್ಲಿ ಅಕ್ಕಿಕಾಳು ಬೀಳುವುದು ಬಹುತೇಕ ಮಧ್ಯಾಹ್ನ ಹನ್ನೆರಡೂವರೆ ಆಸುಪಾಸಿಗೆ. ಬೆಳಿಗ್ಗೆಯ ಸುರಗಿಗೆ, ಅಂದರೆ ಮದುಮಕ್ಕಳ ಸ್ನಾನದ ಶಾಸ್ತ್ರಕ್ಕೆ, ಒಬ್ಬ ಕ್ಯಾಮೆರಾದವನು ಸಾಕು. ಸುರಗಿಯ ಕೆಲಸವನ್ನು ಪೂರ್ತಿ ಸಹಾಯಕನಿಗೆ ವಹಿಸಿ, ಅವನ ಕೂಲಿಯನ್ನು ಲಗ್ನದ ಪ್ಯಾಕೇಜಿನಲ್ಲೇ ಸೇರಿಸಿದರು. ಹೀಗೆ ಬೆಳಿಗ್ಗೆ 5ರಿಂದ 8 ಖಾಲಿಯಾಯಿತು. ಮೇನಲ್ಲಿ ಬಾಗಲಕೋಟೆಯ ಸೂರ್ಯೋದಯ 6 ಗಂಟೆ ಸುಮಾರಿಗೆ. 8 ದಾಟಿದರೆ ಬಿಸಿಲು ಹೇಗೂ ಕೆಲಸಕ್ಕೆ ಬಾರದು. ಕಳೆದುಕೊಂಡದ್ದು ನಿದ್ದೆ ಮಾತ್ರ. ಆಷಾಢದಲ್ಲಿ ಲಗ್ನ ಇಲ್ಲ, ಶ್ರಾವಣದ ಮೊದಲ ದಿನಗಳಲ್ಲೂ ಕಡಿಮೆ. ನೀರು ಏರುವ ಹೊತ್ತಿಗೆ ಫೋಟೊಗ್ರಾಫರ್ ಖಾಲಿ ಇರುತ್ತಾನೆ. ಇನ್ನೊಂದು ಅನುಕೂಲ ಅಧಿಕ ಮಾಸದ್ದು. 2026ರ ಪಂಚಾಂಗದಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ, ಅಂದರೆ ನೀರು ತಳ ಹಿಡಿಯುವ ವಾರಗಳಲ್ಲಿ ಮುಹೂರ್ತವೇ ಇಲ್ಲ. ಸ್ಟುಡಿಯೋ ಇಟ್ಟುಕೊಂಡವರು ಅಧಿಕ ಮಾಸ ಬಂತೆಂದರೆ ಗೊಣಗುತ್ತಾರೆ. ಇಂಥ ಕೆಲಸ ಹಿಡಿದವರು ಮಾತ್ರ ಅದನ್ನು ಕಾದು ಕೂರಬೇಕು.

ಜಲಾಶಯಗಳ ದಿನದ ಮಟ್ಟವನ್ನು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪ್ರಕಟಿಸುತ್ತದೆ. ಬುಕಿಂಗ್ ಡೈರಿಯ ಪ್ರತಿ ಪುಟದ ಮೂಲೆಯಲ್ಲಿ ಆ ಅಂಕಿ ಬರೆದಿಡುವುದು ಚಿಕ್ಕ ಅಭ್ಯಾಸ. ಒಂದು ವರ್ಷ ಬರೆದರೆ ಯಾವ ಮಟ್ಟಕ್ಕೆ ಯಾವ ಬದು ತಲೆ ಎತ್ತುತ್ತದೆ ಎನ್ನುವುದು ಬಾಯಿಪಾಠವಾಗುತ್ತದೆ.

ಅದೇ ಜಾಗ, ಅದೇ ಬಿಸಿಲು

ಸರಣಿಗೆ ಬೆನ್ನೆಲುಬು ಸಿಕ್ಕಿದ್ದು ಜೋಡಿ ಚಿತ್ರದ ತೀರ್ಮಾನದಿಂದ: ಒಂದೇ ಜಾಗದಲ್ಲಿ ನಿಂತು, ಒಮ್ಮೆ ಇಳಿದ ನೀರಿಗೆ, ಒಮ್ಮೆ ತುಂಬಿದ ನೀರಿಗೆ. ವಿಧಾನ ಹೊಸದಲ್ಲ. ಅಮೆರಿಕದಲ್ಲಿ 1977ರಿಂದ 1979ರವರೆಗೆ ಮಾರ್ಕ್ ಕ್ಲೆಟ್ ಮತ್ತು ಜೊತೆಗಾರರು ಹತ್ತೊಂಬತ್ತನೇ ಶತಮಾನದ ಸರ್ವೇಕ್ಷಣೆಯ ಫೋಟೊಗಳನ್ನು ಹಿಡಿದು, ಆ ಕ್ಯಾಮೆರಾ ನಿಂತಿದ್ದ ಜಾಗವನ್ನೇ ಹುಡುಕಿ ಮತ್ತೆ ತೆಗೆದರು. ಇಲ್ಲಿ ನೂರು ವರ್ಷ ಕಾಯಬೇಕಿಲ್ಲ, ಮೂರು ತಿಂಗಳು ಸಾಕು.

ಮೊದಲ ಪ್ರಯತ್ನ ಪೂರ್ತಿ ಕೆಟ್ಟಿತು. ಕಾರಣ ತಿಳಿದುಕೊಳ್ಳುವಂಥದ್ದು. ಮೇನಲ್ಲಿ ನೆಲ ಚಂದ ಕಾಣುತ್ತದೆಂದು ಕೆರೆಯ ಒಳಗೆ ಇಳಿದು ಜಾಗ ಆರಿಸಿದರು. ಆಗಸ್ಟಿನಲ್ಲಿ ಹೋದರೆ ಕ್ಯಾಮೆರಾ ನಿಲ್ಲಿಸಿದ್ದ ಜಾಗವೇ ನೀರಿನಡಿ. ಆದ್ದರಿಂದ ಕ್ರಮ ತಿರುವುಮುರುವು ಆಗಬೇಕು. ಕೆರೆ ತುಂಬಿದಾಗ ಅಂಚಿನಲ್ಲಿ ನಡೆದು, ನೀರಿಗಿಂತ ಕನಿಷ್ಠ ಆಳೆತ್ತರ ಮೇಲಿರುವ ಜಾಗಗಳನ್ನು ಮೊದಲು ಗುರುತಿಸಬೇಕು. ಆಮೇಲೆ ಮೇನಲ್ಲಿ ಅಲ್ಲಿಗೇ ಮರಳಿ ಬರಬೇಕು. ಆಗ ನೆಲದಲ್ಲಿ ಏನು ತೆರೆದುಕೊಳ್ಳುತ್ತದೆಯೋ ಅದೇ ಚಿತ್ರ. ಹಿಡಿಸದಿದ್ದರೆ ಆ ಜಾಗ ಬಿಡುವುದು. ಇಪ್ಪತ್ತಾರು ಜಾಗ ಗುರುತಿಸಿದ್ದರಲ್ಲಿ ಕೊನೆಗೆ ಉಳಿದವು ಹದಿನಾಲ್ಕು.

ಜಾಗ ಮತ್ತೆ ಹಿಡಿಯಲು ಮೊಬೈಲಿನ ಜಿಪಿಎಸ್ ಸಾಲದು, ಮೂರರಿಂದ ಐದು ಮೀಟರ್ ಆಚೀಚೆ ತೋರಿಸುತ್ತದೆ. ಕೆಲಸಕ್ಕೆ ಬರುವುದು ಹತ್ತಿರದ ವಸ್ತು ಮತ್ತು ದೂರದ ವಸ್ತುವಿನ ಹೊಂದಾಣಿಕೆ. ಮೊದಲ ಚಿತ್ರದ ಎ4 ಪ್ರಿಂಟ್ ಕೈಯಲ್ಲಿರಲಿ. ಅದರಲ್ಲಿ ಹತ್ತಿರದ ಜಾಲಿಗಿಡದ ಬೊಡ್ಡೆ ದೂರದ ಗುಡ್ಡದ ಯಾವ ತಗ್ಗಿಗೆ ನೇರವಾಗಿದೆ ನೋಡಿ. ಈಗ ವ್ಯೂಫೈಂಡರಿನಲ್ಲಿ ಬೊಡ್ಡೆ ಗುಡ್ಡದ ತಗ್ಗಿಗಿಂತ ಬಲಕ್ಕೆ ಜರುಗಿ ಕಂಡರೆ ನೀವು ಎಡಕ್ಕೆ ಬಂದಿದ್ದೀರಿ, ಬಲಕ್ಕೆ ಸರಿಯಿರಿ. ಕ್ಯಾಮೆರಾ ತಿರುಗಿಸಿದರೆ ಈ ಸಂಬಂಧ ಬದಲಾಗುವುದಿಲ್ಲ, ಕಾಲು ಸರಿದರೆ ಮಾತ್ರ ಬದಲಾಗುತ್ತದೆ. ಹತ್ತಿರ-ದೂರದ ಇಂಥ ಹೊಂದಾಣಿಕೆ ಚಿತ್ರದ ಎಡಕ್ಕೊಂದು, ಬಲಕ್ಕೊಂದು ಕೂಡಿಬಂದರೆ ಗೇಣಿನಷ್ಟು ಹತ್ತಿರ ನಿಂತಿದ್ದೀರಿ ಎಂದು ಲೆಕ್ಕ. ಲೆನ್ಸಿನ ಎತ್ತರವನ್ನು ಟೇಪಿನಿಂದ ಅಳೆದು ಬರೆದಿಡಬೇಕು.

ಜೂಮ್ ಲೆನ್ಸನ್ನು ಈ ಸರಣಿಯಿಂದ ಹೊರಗಿಟ್ಟರು. ಜೂಮಿನಲ್ಲಿ 48ಕ್ಕೂ 50ಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಜೋಡಿ ಇಟ್ಟು ನೋಡಿದಾಗ ಗೊತ್ತಾಗುತ್ತದೆ. 50 ಎಂ.ಎಂ. ಲೆನ್ಸಿಗೆ ಎಫ್/11ರಲ್ಲಿ (ಲೆನ್ಸಿನ ಕಿಂಡಿಯ ಅಳತೆ) ಫೋಕಸ್ಸನ್ನು 7.6 ಮೀಟರಿಗೆ ನಿಲ್ಲಿಸಿದರೆ ಸುಮಾರು 3.8 ಮೀಟರಿನಿಂದ ಕೊನೆಯವರೆಗೂ ಚೊಕ್ಕಟ ಬರುತ್ತದೆ. ರಿಂಗಿನ ಮೇಲೆ ಒಂದು ಚೂರು ಟೇಪ್ ಅಂಟಿಸಿದರೆ ಮುಗಿಯಿತು.

ಬಿಸಿಲಿನ ಲೆಕ್ಕ ಈ ಪ್ರಕರಣದಲ್ಲಿ ನಮಗೆ ಅತ್ಯಂತ ಹಿಡಿಸಿದ ಭಾಗ. ಮೇನಲ್ಲಿ ಬೆಳಿಗ್ಗೆ ತೆಗೆದದ್ದಕ್ಕೆ ಜೋಡಿಯನ್ನು ಡಿಸೆಂಬರಿನಲ್ಲಿ ತೆಗೆದರೆ ನೆರಳು ಬೇರೆ ದಿಕ್ಕಿಗೆ ಬೀಳುತ್ತದೆ. ನೋಡುವವರ ಕಣ್ಣು ನೀರನ್ನು ಬಿಟ್ಟು ನೆರಳಿನ ವ್ಯತ್ಯಾಸಕ್ಕೆ ಹೋಗುತ್ತದೆ. ಆದರೆ ಜೂನ್ 21ರ ಎರಡೂ ಬದಿಗೆ ಸಮದೂರದ ದಿನಗಳಲ್ಲಿ ಸೂರ್ಯನ ದಾರಿ ಹೆಚ್ಚುಕಡಿಮೆ ಒಂದೇ. ಮೇ 1ಕ್ಕೆ ಆಗಸ್ಟ್ 12, ಮೇ 10ಕ್ಕೆ ಆಗಸ್ಟ್ 2, ಮೇ 20ಕ್ಕೆ ಜುಲೈ 24 ಜೋಡಿ. ಕೆರೆ ತುಂಬುವ ದಿನಗಳೂ ಅವೇ ಆಗಿರುವುದು ಈ ಜಿಲ್ಲೆಯ ಭಾಗ್ಯ. ಗಡಿಯಾರದಲ್ಲಿ ಮಾತ್ರ ಸ್ವಲ್ಪ ತಿದ್ದುಪಡಿ ಬೇಕು: ಆಗಸ್ಟ್ ಮೊದಲ ವಾರದಲ್ಲಿ ಸೂರ್ಯ ನೆತ್ತಿಗೆ ಬರುವುದು ಮೇಗಿಂತ ಸುಮಾರು ಹತ್ತು ನಿಮಿಷ ತಡ. ಮೇ 10ರ 6.40ರ ಬೆಳಕು ಬೇಕಿದ್ದರೆ ಆಗಸ್ಟ್ 2ರಂದು 6.50ಕ್ಕೆ ತೆಗೆಯಬೇಕು.

ಆಗಸ್ಟಿನಲ್ಲಿ ಮೋಡ ಇರುತ್ತದಲ್ಲ ಎಂಬ ಪ್ರಶ್ನೆ ಬರುತ್ತದೆ. ಇರುತ್ತದೆ. ಅದಕ್ಕೇ ಮೇ ತಿಂಗಳ ಪ್ರತಿ ಜಾಗದಲ್ಲಿ ಎರಡು ಫ್ರೇಮ್ ತೆಗೆದಿಟ್ಟರು: ಸೂರ್ಯ ಹುಟ್ಟುವ ಹತ್ತು ನಿಮಿಷ ಮೊದಲು ನೆರಳಿಲ್ಲದ್ದು ಒಂದು, ಹುಟ್ಟಿ ಅರ್ಧ ಗಂಟೆಗೆ ನೆರಳು ಇದ್ದದ್ದು ಒಂದು. ಆಗಸ್ಟ್ ಮೋಡವಾದರೆ ಮೊದಲನೆಯದು ಜೋಡಿ, ಬಿಸಿಲಾದರೆ ಎರಡನೆಯದು. ಉಳಿದ ಹದಿನಾಲ್ಕರಲ್ಲಿ ಹನ್ನೊಂದು ಮೋಡದ ಜೋಡಿಗಳೇ. ಸಮತಟ್ಟು ಬೆಳಕಿನಲ್ಲಿ ನೆಲದ ಗೆರೆ ಹೆಚ್ಚು ಸ್ಪಷ್ಟ. ಜರ್ಮನಿಯ ಬರ್ನ್ಡ್ ಮತ್ತು ಹಿಲ್ಲಾ ಬೆಖರ್ ದಂಪತಿ ನೀರಿನ ಟವರು, ಗಣಿಯ ಕಟ್ಟಡಗಳನ್ನು ಮೋಡದ ದಿನಗಳಲ್ಲೇ ತೆಗೆಯುತ್ತಿದ್ದದ್ದು ಇದೇ ಕಾರಣಕ್ಕೆ.

ನಸುಕಿನ ಚಿತ್ರಗಳಿಗೆ ಐಎಸ್‌ಒ 100, ಎಫ್/11ರಲ್ಲಿ ಒಂದೆರಡು ಸೆಕೆಂಡ್ ಶಟರ್ ಬೇಕಾಗುತ್ತದೆ. ಇಲ್ಲಿ ಎರೆಮಣ್ಣು ಕೈಕೊಡುತ್ತದೆ. ಮೇಲೆ ಒಣಗಿ ಬಿರಿದ ಪದರ, ಎರಡು ಬೆರಳು ಕೆಳಗೆ ಹಸಿ. ಟ್ರೈಪಾಡ್ ಕಾಲು ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಇಳಿಯುತ್ತಲೇ ಇರುತ್ತದೆ. ಚಿತ್ರ ದೊಡ್ಡದು ಮಾಡಿ ನೋಡಿದರೆ ಗುರುತು ಸಿಗುತ್ತದೆ: ಕಾಲು ಮೂರೂ ಒಟ್ಟಿಗೆ ಇಳಿದಿದ್ದರೆ ಮಸುಕು ಮೇಲೆ-ಕೆಳಗೆ ಮಾತ್ರ ಎಳೆದಂತೆ ಇರುತ್ತದೆ. ಗಾಳಿಯ ಅದುರಿಗೆ ಇಂಥದೇ ದಿಕ್ಕು ಅಂತ ಇರುವುದಿಲ್ಲ. ಫೋಕಸ್ ತಪ್ಪಿದ್ದರೆ ಒಂದು ದೂರದ್ದು ಮಸುಕು, ಇನ್ನೊಂದು ದೂರದ್ದು ಚೊಕ್ಕಟ. ಪರಿಹಾರ ಅಗ್ಗ. ಅರ್ಧ ಅಡಿ ಚೌಕದ ಮೂರು ಪ್ಲೈವುಡ್ ತುಂಡು, ಪ್ರತಿಯೊಂದರ ನಡುವೆ ಕಾಲು ಕೂರಲು ಒಂದು ಗುಳಿ. ಕಾಲಿಟ್ಟು, ಮೇಲಿನಿಂದ ಒತ್ತಿ, ಎರಡು ನಿಮಿಷ ಬಿಟ್ಟು, ಸೆಲ್ಫ್ ಟೈಮರಿನಲ್ಲಿ ತೆಗೆಯುವುದು. ನಡುವಿನ ಕೊಕ್ಕೆಗೆ ಚೀಲ ನೇತುಹಾಕುವ ರೂಢಿ ಇಲ್ಲಿ ಬೇಡ, ಬಯಲು ಗಾಳಿಗೆ ಅದು ತೂಗಾಡಿ ಕೆಡಿಸುತ್ತದೆ.

ಬೇಸಿಗೆಯಲ್ಲಿ ಹಿನ್ನೀರಿಗೆ ಬರುವ ರಾಜಹಂಸಗಳ ವಿಷಯ ಇಲ್ಲೇ ಹೇಳಬೇಕು. ಹಕ್ಕಿಗಳ ಚಿತ್ರಕ್ಕೆ ಮೆಚ್ಚುಗೆ ಬೇಗ ಸಿಗುತ್ತದೆ, ಬಾಡಿಗೆಯ 500 ಎಂ.ಎಂ. ಲೆನ್ಸಿನಿಂದ ತೆಗೆದ ಎರಡು ಚಿತ್ರ ಸ್ಪರ್ಧೆಯಲ್ಲೂ ಆಯ್ಕೆಯಾಗಿದ್ದವು. ಜೋಡಿ ಚಿತ್ರಗಳ ನಡುವೆ ಇಟ್ಟಾಗ ಅವು ಬೇರೆ ಯಾರೋ ತೆಗೆದಂತೆ ಕಂಡವು. ಸ್ಪರ್ಧೆಯಲ್ಲಿ ಒಂದು ಚಿತ್ರ ಒಂಟಿಯಾಗಿ ಗೆಲ್ಲಬೇಕು. ಗೋಡೆಯ ಮೇಲೆ ಒಂದು ಚಿತ್ರ ಇನ್ನೊಂದಕ್ಕೆ ಆಸರೆಯಾಗಬೇಕು. ಅವರು ಹಕ್ಕಿಗಳನ್ನು ಪೂರ್ತಿ ತೆಗೆದುಹಾಕಿದ್ದು ಸರಿಯಾದ ನಿರ್ಧಾರ, ಮತ್ತು ಸುಲಭದ ನಿರ್ಧಾರವಲ್ಲ.

ಎರೆಮಣ್ಣಿನ ಕಪ್ಪು

ಮೊದಲ ಪ್ರಿಂಟುಗಳು ಬಂದಾಗ ಇಳಿದ ನೀರಿನ ಚಿತ್ರಗಳೆಲ್ಲ ಕಪ್ಪು ಮುದ್ದೆ. ಹಸಿ ಎರೆಮಣ್ಣಿನ ಬಿರುಕು, ಗಾಡಿಯ ಜಾಡು, ಕಲ್ಲಿನ ಸಾಲು ಯಾವುದೂ ಇಲ್ಲ. ಮಾನಿಟರಿನಲ್ಲಿ ಎಲ್ಲವೂ ಕಾಣುತ್ತಿತ್ತು. ದೋಷ ಮೂರು ಕಡೆ ಇತ್ತು.

ಒಂದು, ಸ್ಟುಡಿಯೋದ ಮಾನಿಟರ್. ಲಗ್ನದ ಆಲ್ಬಮ್ ಗಿರಾಕಿಗೆ ತೋರಿಸಲು ಬೆಳಕನ್ನು ಪೂರ್ತಿ ಏರಿಸಿಟ್ಟಿದ್ದರು. ಅಷ್ಟು ಬೆಳಗುವ ತೆರೆಯಲ್ಲಿ ಕತ್ತಲ ಭಾಗವೂ ತೆರೆದು ಕಾಣುತ್ತದೆ, ಕಾಗದಕ್ಕೆ ಆ ಬೆಳಕಿಲ್ಲ. ಕ್ಯಾಲಿಬ್ರೇಶನ್ ಸಾಧನದಿಂದ ತೆರೆಯ ಬೆಳಕನ್ನು ಚದರ ಮೀಟರಿಗೆ 90–100 ಕ್ಯಾಂಡೆಲಾಕ್ಕೆ ಇಳಿಸಿ, ಕೋಣೆಯ ಟ್ಯೂಬ್‌ಲೈಟ್ ಆರಿಸಿ ಕೂತಾಗ ತೆರೆಯಲ್ಲೂ ಅದೇ ಕಪ್ಪು ಮುದ್ದೆ ಕಂಡಿತು.

ಎರಡು, ಆಲ್ಬಮ್ ಲ್ಯಾಬಿನ ಆಟೋ ಕರೆಕ್ಷನ್. ಮುಖಗಳಿಗೆಂದು ಇಟ್ಟ ಆ ವ್ಯವಸ್ಥೆ ಪ್ರತಿ ಚಿತ್ರವನ್ನೂ ತನ್ನ ಸರಾಸರಿಗೆ ಎಳೆಯುತ್ತದೆ. ಜೋಡಿಯ ಎರಡು ಚಿತ್ರಕ್ಕೆ ಎರಡು ಬಗೆಯ ತಿದ್ದುಪಡಿ ಬಿದ್ದು ಬಣ್ಣ ಬೇರೆಯಾಗಿತ್ತು. ಗೋಡೆಗೆ ಹೋಗುವ ಪ್ರಿಂಟನ್ನು ಪಿಗ್ಮೆಂಟ್ ಇಂಕಿನ ಲ್ಯಾಬಿಗೇ ಕೊಡಬೇಕು, ಅವರ ಕಾಗದದ ಪ್ರೊಫೈಲ್ ತರಿಸಿಕೊಂಡು ತೆರೆಯ ಮೇಲೆ ಸಾಫ್ಟ್ ಪ್ರೂಫ್ (ಆ ಕಾಗದದಲ್ಲಿ ಪ್ರಿಂಟ್ ಹೇಗೆ ಬರುತ್ತದೆಂಬ ಮುನ್ನೋಟ) ನೋಡಬೇಕು, ‘ಏನೂ ತಿದ್ದಬೇಡಿ’ ಎಂದು ಬರೆದೇ ಕಳಿಸಬೇಕು.

ಮೂರನೆಯದು ಕಾಗದ. ಹತ್ತಿಯ ಮ್ಯಾಟ್ ಕಾಗದ ಕೈಗೆ ಹಿತ, ಎಲ್ಲರೂ ಅದನ್ನೇ ಹೊಗಳುತ್ತಾರೆ. ಆದರೆ ಅದರ ಅತಿ ಗಾಢ ಕಪ್ಪಿನ ಸಾಂದ್ರತೆ 1.6ರ ಸುಮಾರು. ಬೇರಿಯಂ ಸಲ್ಫೇಟ್ ಲೇಪದ ಬರೈಟಾ ಕಾಗದದ್ದು 2.2ಕ್ಕೂ ಮೇಲೆ. ಹಸಿ ಎರೆಮಣ್ಣಿನ ಇಡೀ ಜೀವ ಇರುವುದು ಈ ಎರಡರ ನಡುವಿನ ಅಂತರದಲ್ಲಿ. ಮಂಜಿನ ಸರಣಿಗೆ ಮ್ಯಾಟ್ ಚೆನ್ನ, ಈ ನೆಲಕ್ಕೆ ಬರೈಟಾ ಬೇಕು. ತೀರ್ಮಾನಿಸುವ ಮುನ್ನ ಒಂದೇ ಚಿತ್ರದ ಕತ್ತಲ ಮೂಲೆಯನ್ನು ಆರಿಂಚಿನ ಪಟ್ಟಿಯಾಗಿ ಎರಡೂ ಕಾಗದದಲ್ಲಿ ತೆಗೆಸಿದರು. ಬರೈಟಾ ಪಟ್ಟಿಯಲ್ಲಿ ಬಿರುಕಿನ ಅಂಚು, ಬಿರುಕಿನ ಒಳಗೋಡೆ, ತಳದ ಹಸಿ ಮೂರೂ ಬೇರೆ ಬೇರೆ ಕಪ್ಪಾಗಿ ನಿಂತವು. ಮ್ಯಾಟ್‌ನಲ್ಲಿ ಮೂರೂ ಒಂದೇ. ಇಡೀ ಸೆಟ್ಟನ್ನು ಕಣ್ಣುಮುಚ್ಚಿ ಮ್ಯಾಟ್‌ಗೆ ಕೊಡುವ ಮೊದಲು ಇಂಥ ಪಟ್ಟಿ ತೆಗೆಸಿದರೆ ಉಳಿಯುವ ಹಣ ದೊಡ್ಡದು.

ಅಳತೆ 24×16 ಇಂಚು. 6000×4000 ಪಿಕ್ಸೆಲ್ಲಿಗೆ ಅಲ್ಲಿ ಇಂಚಿಗೆ 250 ಬೀಳುತ್ತದೆ, ಗೋಡೆಗೆ ಅದು ಸಾಕು. ಇದಕ್ಕಾಗಿ ಹೊಸ ಕ್ಯಾಮೆರಾ ಬೇಕಿಲ್ಲ. ಫ್ರೇಮಿನಲ್ಲಿ ಪ್ರಿಂಟನ್ನು ಪೂರ್ತಿ ಅಂಟಿಸಬಾರದು. ಮೇಲಂಚಿನಲ್ಲಿ ಜಪಾನಿ ಕಾಗದದ ಎರಡು ಪಟ್ಟಿ, ಗೋಧಿ ಪಿಷ್ಟದ ಅಂಟು, ಆಮ್ಲರಹಿತ ಮೌಂಟ್ ಬೋರ್ಡು. ಮೇನ 40 ಡಿಗ್ರಿಯಿಂದ ಆಗಸ್ಟಿನ ತೇವಕ್ಕೆ ಬಂದಾಗ ಕಾಗದ ಹಿಗ್ಗುತ್ತದೆ. ನಾಲ್ಕೂ ಕಡೆ ಅಂಟಿದ್ದರೆ ಉಬ್ಬಿ ಅಲೆಯೇಳುತ್ತದೆ, ಗಾಜಿಗೆ ತಾಗಿದರೆ ಅಲ್ಲೇ ಅಂಟಿಕೊಳ್ಳುತ್ತದೆ.

ಹಕ್ಕು, ಹಣ, ಅರ್ಜಿ

1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ಹೇಳಿ ತೆಗೆಸಿದ ಫೋಟೊದ ಮೊದಲ ಹಕ್ಕು ತೆಗೆಸಿದವರದು, ಬೇರೆ ಒಪ್ಪಂದ ಇಲ್ಲದಿದ್ದರೆ. ಲಗ್ನದಲ್ಲಿ ಸಿಕ್ಕ ಅಪರೂಪದ ಮುಖವನ್ನು ಪ್ರದರ್ಶನಕ್ಕೆ ಹಾಕುವ ಆಸೆ ಇದ್ದರೆ ಬುಕಿಂಗ್ ಫಾರ್ಮಿನಲ್ಲಿ ಒಂದು ಸಾಲು ಮೊದಲೇ ಇರಬೇಕು. ಸ್ವಂತ ಇಚ್ಛೆಯಿಂದ ತೆಗೆದ ಹಿನ್ನೀರಿನ ಚಿತ್ರಗಳಿಗೆ ಈ ತಕರಾರಿಲ್ಲ, ಜೀವಮಾನವಿಡೀ ಹಕ್ಕು ಅವರದೇ, ನಿಧನದ ಮುಂದಿನ ವರ್ಷದ ಆರಂಭದಿಂದ 60 ವರ್ಷ ವಾರಸುದಾರರದು.

ಪ್ರತಿ ಲಗ್ನದ ಕೊನೆಯ ಕಂತಿನಿಂದ ಶೇ. 5ನ್ನು ಬೇರೆ ಖಾತೆಗೆ ಹಾಕಿ, ಅದರಲ್ಲಿ ಪ್ರಿಂಟು, ಫ್ರೇಮು, ಪೆಟ್ರೋಲ್ ಬಿಟ್ಟು ಬೇರೇನೂ ಕೊಳ್ಳದ ಕಟ್ಟುಪಾಡು ಹಾಕಿಕೊಂಡರು. ಲೆನ್ಸಿಗಾಗಿ ಸಾಲ ಮಾಡುವವರಿಗೆ ಪ್ರಿಂಟಿಗೆ ಹಣ ಉಳಿಯುವುದಿಲ್ಲ, ಮತ್ತು ಈ ದಾರಿಯಲ್ಲಿ ಬಹುಪಾಲು ಮಂದಿ ನಿಲ್ಲುವುದು ಅಲ್ಲೇ. ಸ್ಟುಡಿಯೋ ಮುಚ್ಚಿ ಪೂರ್ಣಾವಧಿ ಕಲಾವಿದನಾಗುವ ಯೋಚನೆಯನ್ನು ಕೈಬಿಡುವಂತೆ ನಾವಾದರೂ ಹೇಳುತ್ತೇವೆ. ಕಾಪ್ ಶಿವ ಬೆಂಗಳೂರಿನಲ್ಲಿ ಪೊಲೀಸ್ ನೌಕರಿ ಮಾಡುತ್ತಲೇ, ಗಾಂಧಿ ವೇಷ ಹಾಕುವ ಮೇಷ್ಟ್ರೊಬ್ಬರ ಸರಣಿಯಿಂದ ಹೆಸರಾದ ಛಾಯಾಗ್ರಾಹಕ. ಸಂಬಳದ ಕೆಲಸ ಅವರ ಕಣ್ಣನ್ನು ಕೆಡಿಸಲಿಲ್ಲ.

ಪ್ರತಿ ಚಿತ್ರದ ಮಾರಾಟದ ಆವೃತ್ತಿ ಐದು ಪ್ರತಿ, ಕಲಾವಿದ ತನಗೆ ಇಟ್ಟುಕೊಳ್ಳುವ ಪ್ರತಿ ಎರಡು. ಅದೇ ಚಿತ್ರ ಅದೇ ಅಳತೆಯಲ್ಲಿ ಮತ್ತೆ ತೆಗೆಸುವಂತಿಲ್ಲ. ಯಾವ ಪ್ರತಿ, ಯಾವ ಕಾಗದ, ಯಾವ ದಿನ, ಯಾರ ಕೈಗೆ ಎಂಬುದು ಒಂದು ರಿಜಿಸ್ಟರಿನಲ್ಲಿರಬೇಕು. ಬರೈಟಾದ ಮುಖಕ್ಕೆ ಪೆನ್ಸಿಲ್ ಹಿಡಿಯದು, ಸಹಿ ಹಿಂಬದಿಗೆ. ಬೆಲೆ ಕಟ್ಟುವಾಗ ಗ್ಯಾಲರಿ ಮೂರನೇ ಒಂದರಿಂದ ಅರ್ಧದವರೆಗೆ ಕಮಿಷನ್ ಇಟ್ಟುಕೊಳ್ಳುತ್ತದೆ ಎನ್ನುವುದು ಮೊದಲೇ ಲೆಕ್ಕದಲ್ಲಿರಲಿ.

ಅರ್ಜಿಗೆ ಬರೆದ ಮೊದಲ ಟಿಪ್ಪಣಿಯಲ್ಲಿ ಬೆಳಕು-ನೆರಳಿನ ಆಟ, ನೆನಪುಗಳ ಪಯಣ ಎಂಬ ಮಾತುಗಳಿದ್ದವು. ಯಾವ ಊರಿನ ಯಾವ ಸರಣಿಗೂ ಅದನ್ನು ಅಂಟಿಸಬಹುದು. ತಿದ್ದಿದ ಟಿಪ್ಪಣಿ ಹೀಗೆ ಶುರುವಾಗುತ್ತದೆ: ‘ಪ್ರತಿ ಜೋಡಿ ಒಂದೇ ಜಾಗದಿಂದ ತೆಗೆದದ್ದು, ಒಮ್ಮೆ ಮೇನಲ್ಲಿ, ಒಮ್ಮೆ ಆಗಸ್ಟಿನಲ್ಲಿ. ಕೆಳಗಿನ ಅಂಕಿ ಆ ದಿನದ ನೀರಿನ ಮಟ್ಟ.’ ಇಷ್ಟು ಓದಿದವರು ಚಿತ್ರ ನೋಡಲು ತಿರುಗುತ್ತಾರೆ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಕೊಡುವ ಅನುದಾನಗಳಿಗೆ ಕನ್ನಡದಲ್ಲೇ ಬರೆಯಬಹುದು. ಇಂಗ್ಲಿಷಿನ ಅಳುಕಿನಿಂದ ಅರ್ಜಿಯನ್ನೇ ಹಾಕದವರು ಈ ಭಾಗದಲ್ಲಿ ಬಹಳ. ಕರ್ನಾಟಕ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ಸಾಮಾನ್ಯವಾಗಿ ಜನವರಿಯಲ್ಲಿ. ಸರಣಿಯನ್ನು ಪೂರ್ತಿ ತೋರಿಸಲು ಅದು ತಕ್ಕ ಜಾಗವಲ್ಲ, ಸಣ್ಣ ಅಳತೆಯ ಬಿಡಿ ಪ್ರಿಂಟುಗಳಿಗೆ ಸರಿ.

ಈಗಿನ ಸ್ಥಿತಿ

ಹದಿನಾಲ್ಕು ಜೋಡಿ ಮುಗಿದಿವೆ, ಒಂಬತ್ತು ಪ್ರಿಂಟಾಗಿವೆ. ಜೋಡಿಗಳ ಕೆಳಗೆ ಹಾಕುವ ಊರ ಹೆಸರುಗಳಿಗಾಗಿ, ಮುಳುಗಡೆಯಾದ ಊರುಗಳವರು ನೆಲೆಸಿರುವ ಪುನರ್ವಸತಿ ಕೇಂದ್ರಗಳ ಹಿರಿಯರ ಜತೆ ಕೂರುವ ಕೆಲಸ ನಡೆದಿದೆ. ಪ್ರಿಂಟನ್ನೇ ಕೈಗೆ ಕೊಟ್ಟು ಕೇಳುವುದು ವಿಧಾನ. ‘ಅಜ್ಜಾರ, ಇದು ಯಾವ ಜಾಗಾ ಅಂತ ಗೊತ್ತಾಗ್ತೈತೇನ್ರಿ?’ ಎಂದರೆ ಉತ್ತರ ಊರಿನ ಹೆಸರಿನಲ್ಲಿ ಬರುವುದಿಲ್ಲ, ಹೊಲದ ಹೆಸರಿನಲ್ಲಿ ಬರುತ್ತದೆ: ‘ಇದು ನಮ್ಮ ಬಾವಿ ಹೊಲದ ಬದು ತಮ್ಮಾ, ಆ ಕಲ್ಲು ನಮ್ಮಪ್ಪ ನೆಟ್ಟಿದ್ದು.’ ಈ ಹೊಲದ ಹೆಸರುಗಳನ್ನೇ ಶೀರ್ಷಿಕೆ ಮಾಡಬೇಕೆಂಬುದು ನಮ್ಮ ಸಲಹೆ. ಮಾತು, ಮುಖ ಬಳಸುವುದಾದರೆ ಕನ್ನಡದಲ್ಲಿ ಬರೆದ ಒಪ್ಪಿಗೆ ಪತ್ರಕ್ಕೆ ಸಹಿ, ಮತ್ತು ಅವರ ಮನೆಗೆ ಒಂದು ಪ್ರಿಂಟ್.

ಉಳಿದ ದೊಡ್ಡ ಕೆಲಸ ಜಾಗಗಳದ್ದು. ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ನದಿ ನೀರು ಹಂಚಿಕೆಯ ಎರಡನೇ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ ಅವಕಾಶ ಕೊಟ್ಟಿದೆ. ಅದು ಜಾರಿಯಾದರೆ ಈಗಿನ ಅಂಚಿನಿಂದ 4.6 ಮೀಟರ್‌ಗೂ ಹೆಚ್ಚು ನೀರು ಮೇಲೆ ಬರುತ್ತದೆ, ಹದಿನಾಲ್ಕರಲ್ಲಿ ಹೆಚ್ಚಿನ ಜಾಗಗಳು ಮುಳುಗುತ್ತವೆ. ಹಾಗಾಗಿ ಪ್ರತಿ ಜಾಗದ ಹಿಂದೆ, ಅದೇ ನೋಟದ ನೇರದಲ್ಲಿ, 525 ಮೀಟರಿಗಿಂತ ಮೇಲೆ ಎರಡನೇ ನಿಲುಗಡೆ ಗುರುತಿಸಿ, ಅಲ್ಲಿಂದಲೂ ಮೇ ಮತ್ತು ಆಗಸ್ಟಿನ ಜೋಡಿ ತೆಗೆದಿಡುತ್ತಿದ್ದಾರೆ. ಆರು ಜಾಗಕ್ಕೆ ಇಂಥ ನಿಲುಗಡೆ ಸಿಕ್ಕಿದೆ. ಎಂಟು ಕಡೆ ಹಿಂದೆ ಕಬ್ಬಿನ ಗದ್ದೆ, ಕಬ್ಬು ಎತ್ತರಕ್ಕೆ ನಿಂತ ತಿಂಗಳುಗಳಲ್ಲಿ ಅಲ್ಲಿಂದ ಕೆರೆ ಕಾಣುವುದಿಲ್ಲ. ಅಂಥ ಕಡೆ ಬದುವಿನ ಮೇಲೆ ಏಣಿ ಹಾಕಿ ನಿಲ್ಲಬಹುದೇ ಎಂದು ಹೊಲದವರನ್ನು ಕೇಳುತ್ತಿದ್ದಾರೆ.